ಊರಿನಲ್ಲೊಂದು ಸೇವಾಸಂಸ್ಥೆ: ಕಟ್ಟುವುದು, ನಡೆಸುವುದು, ಮುಂದಿನವರ ಕೈಗೆ ಕೊಡುವುದು

ಗ್ರಂಥಾಲಯ, ಉಚಿತ ಪಾಠಶಾಲೆ, ಕಲಾಸಂಘ, ವೃದ್ಧರ ಆರೈಕೆ, ಕೆರೆಯ ರಕ್ಷಣೆ, ಹೀಗೆ ಉದ್ದೇಶ ಯಾವುದೇ ಇರಲಿ, ನಾಲ್ಕಾರು ಜನ ಸೇರಿ ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ‘ಇನ್ನು ಇದನ್ನು ನೋಂದಣಿ ಮಾಡಿಸೋಣ’ ಎಂಬ ಮಾತು ಬಂದೇ ಬರುತ್ತದೆ. ಆ ಹೊತ್ತಿನಲ್ಲಿ ತೆಗೆದುಕೊಂಡ ತೀರ್ಮಾನಗಳು ಮುಂದಿನ ಎರಡು ಮೂರು ದಶಕ ಸಂಸ್ಥೆಯನ್ನು ಕಾಯುತ್ತವೆ, ಇಲ್ಲವೇ ಕಾಡುತ್ತವೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ, ಕನ್ನಡ ಸಾಹಿತ್ಯ ಪರಿಷತ್ತು 1915ರಿಂದ, ಹೆಗ್ಗೋಡಿನ ನೀನಾಸಂ 1949ರಿಂದ ನಡೆದುಬಂದಿವೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರು ಏಳು ಮಂದಿ ಶಿಕ್ಷಕರು. ಸ್ಥಾಪಿಸಿದ ತಲೆಮಾರು ಹೋದ ಮೇಲೂ ಇವೆಲ್ಲ ಉಳಿದಿವೆ. ಕರ್ನಾಟಕದಲ್ಲಿ ಸಣ್ಣ ಸಂಸ್ಥೆಯನ್ನು ಆರಂಭಿಸುವವರು, ಈಗಾಗಲೇ ನಡೆಸುತ್ತಿರುವವರು ಯಾವ ಯಾವ ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಸಂಘವೋ, ಟ್ರಸ್ಟೋ, ಕಂಪನಿಯೋ?

ಕಾನೂನು ಮೂರು ದಾರಿಗಳನ್ನು ಕೊಟ್ಟಿದೆ. ಮೊದಲನೆಯದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿಸುವ ಸಂಘ. ಇದಕ್ಕೆ ಕನಿಷ್ಠ ಏಳು ಸದಸ್ಯರು ಬೇಕು. ಸಂಘದ ಉದ್ದೇಶ ಹೇಳುವ ಜ್ಞಾಪನಪತ್ರ ಮತ್ತು ಅದು ನಡೆಯಬೇಕಾದ ನಿಯಮಗಳಾದ ಬೈಲಾಗಳನ್ನು ಸಹಕಾರ ಇಲಾಖೆಯ ಅಧೀನದಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಸಲ್ಲಿಸಬೇಕು. ಎರಡನೆಯದು ಸಾರ್ವಜನಿಕ ದತ್ತಿ ಟ್ರಸ್ಟ್. ಇದರ ಸ್ಥಾಪನಾ ಪತ್ರವಾದ ಟ್ರಸ್ಟ್ ಡೀಡ್ ಅನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ, ಅಂದರೆ ಸೈಟು ಜಮೀನುಗಳ ಪತ್ರ ನೋಂದಣಿಯಾಗುವ ಕಡೆಯಲ್ಲೇ, ನೋಂದಾಯಿಸುತ್ತಾರೆ. ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿ. ಲಾಭ ಬಂದರೂ ಅದು ಷೇರುದಾರರಿಗೆ ಡಿವಿಡೆಂಡ್ ಹಂಚುವಂತಿಲ್ಲ.

ಊರಿನ ಜನರೇ ಸದಸ್ಯರಾಗಿ, ಚಂದಾ ಕೊಟ್ಟು, ಪದಾಧಿಕಾರಿಗಳನ್ನು ಆರಿಸಿ ನಡೆಸುವ ಕೆಲಸಕ್ಕೆ ಸಂಘವೇ ಸರಿಯಾದ ರೂಪ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಬ್ಬರು ಅಥವಾ ಒಂದು ಕುಟುಂಬ ಮನೆಯನ್ನೋ ಜಮೀನನ್ನೋ ದೊಡ್ಡ ಮೊತ್ತವನ್ನೋ ಒಂದು ಉದ್ದೇಶಕ್ಕೆ ಮೀಸಲಿಡುವುದಾದರೆ ಟ್ರಸ್ಟ್ ಒಳ್ಳೆಯದು, ಏಕೆಂದರೆ ಬರಿಯ ಬಹುಮತದಿಂದ ಆ ಉದ್ದೇಶವನ್ನು ಬದಲಿಸುವುದು ಸುಲಭವಲ್ಲ. ಹಲವು ರಾಜ್ಯಗಳಲ್ಲಿ ಕೆಲಸ, ಸಂಬಳದ ಸಿಬ್ಬಂದಿ, ದೊಡ್ಡ ಅನುದಾನ ಇರುವವರು ಕಂಪನಿಯ ರೂಪವನ್ನು ಯೋಚಿಸಬಹುದು, ಆದರೆ ಅದರ ವಾರ್ಷಿಕ ಕಾಗದಪತ್ರದ ಖರ್ಚು ಸಣ್ಣ ಸಂಸ್ಥೆಗೆ ಭಾರವಾಗುತ್ತದೆ. ‘ಟ್ರಸ್ಟ್ ಮಾಡಿದರೆ ಚುನಾವಣೆಯ ತಲೆನೋವಿಲ್ಲ’ ಎಂದು ಅನೇಕರು ಸಲಹೆ ಕೊಡುತ್ತಾರೆ. ಚುನಾವಣೆ ಇಲ್ಲದ ಕಡೆ ಕೇಳುವವರೂ ಇರುವುದಿಲ್ಲ ಎಂಬುದನ್ನು ಜೊತೆಗೇ ನೆನಪಿಡಬೇಕು. ಕರ್ನಾಟಕದಲ್ಲಿ ಮಹಾರಾಷ್ಟ್ರದಂತೆ ಎಲ್ಲ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ವ್ಯವಸ್ಥೆ ಇಲ್ಲದಿರುವುದರಿಂದ, ಟ್ರಸ್ಟಿಗಳ ಅವಧಿ, ನಿವೃತ್ತಿ ಮತ್ತು ಹೊಸಬರ ನೇಮಕದ ನಿಯಮಗಳನ್ನು ಡೀಡ್‌ನಲ್ಲೇ ಬಿಡಿಸಿ ಬರೆಯುವುದು ಅಗತ್ಯ.

ಬೈಲಾ ಬರೆಯುವಾಗ

ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ಬೈಲಾಕ್ಕೆ ಹೆಸರು ತುಂಬಿ ಸಹಿ ಮಾಡುವ ಅಭ್ಯಾಸ ಎಲ್ಲೆಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಜಗಳ ಬರುವ ತನಕ ಬೈಲಾವನ್ನು ಯಾರೂ ಓದುವುದಿಲ್ಲ, ಜಗಳ ಬಂದ ದಿನ ಅದರ ಪ್ರತಿ ಅಕ್ಷರವನ್ನೂ ಎರಡೂ ಬಣದವರು ಓದುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿಗಳ ಅವಧಿ ಎಷ್ಟು ವರ್ಷ, ಒಬ್ಬರೇ ಸತತವಾಗಿ ಎಷ್ಟು ಅವಧಿಗೆ ಮುಂದುವರಿಯಬಹುದು, ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಅಂದರೆ ಕೋರಂ ಎಷ್ಟು, ಕೋರಂ ಇಲ್ಲದೆ ಮುಂದೂಡಿದ ಸಭೆಯನ್ನು ಹೇಗೆ ನಡೆಸಬೇಕು, ಬ್ಯಾಂಕ್ ಖಾತೆಗೆ ಯಾವ ಇಬ್ಬರ ಜಂಟಿ ಸಹಿ ಬೇಕು, ಒಂದೇ ಕುಟುಂಬದ ಎಷ್ಟು ಮಂದಿ ಸಮಿತಿಯಲ್ಲಿ ಇರಬಹುದು ಎಂಬುದೆಲ್ಲ ಅದರಲ್ಲಿ ಇರಲೇಬೇಕು. ಸದಸ್ಯತ್ವದ ನಿಯಮಕ್ಕೆ ಇನ್ನಷ್ಟು ಎಚ್ಚರ ಬೇಕು. ಚುನಾವಣೆಗೆ ತಿಂಗಳು ಮೊದಲು ನೂರು ಜನರ ಚಂದಾ ಒಬ್ಬರೇ ಕಟ್ಟಿ ಸದಸ್ಯರನ್ನಾಗಿ ಮಾಡಿಕೊಂಡು ಸಂಘವನ್ನೇ ವಶಪಡಿಸಿಕೊಳ್ಳುವುದು ಹೊಸತೇನಲ್ಲ. ಸದಸ್ಯರಾಗಿ ಒಂದು ವರ್ಷ ತುಂಬಿದವರಿಗೆ ಮಾತ್ರ ಮತದಾನದ ಹಕ್ಕು ಎಂಬ ಒಂದೇ ಸಾಲು ಇದನ್ನು ತಡೆಯುತ್ತದೆ.

ಸಂಘ ಮುಚ್ಚಿಹೋದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಇಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಸೇರಬೇಕು ಎಂಬ ಕಲಮು ಕಡ್ಡಾಯವಾಗಿ ಇರಲಿ, ತೆರಿಗೆ ಇಲಾಖೆಯೂ ಅದನ್ನೇ ಮೊದಲು ಹುಡುಕುತ್ತದೆ. ಹಾಗೆಯೇ ಉದ್ದೇಶಗಳ ಪಟ್ಟಿಯಲ್ಲಿ ಒಂದು ನಿರ್ದಿಷ್ಟ ಜಾತಿ ಅಥವಾ ಧರ್ಮದವರ ಹಿತಕ್ಕಾಗಿ ಮಾತ್ರ ಎಂದು ಬರೆದರೆ ತೆರಿಗೆ ವಿನಾಯಿತಿಗೇ ಧಕ್ಕೆ ಬರಬಹುದು. ಪರಿಶಿಷ್ಟರು, ಹಿಂದುಳಿದ ವರ್ಗಗಳು, ಮಹಿಳೆಯರು ಮತ್ತು ಮಕ್ಕಳಿಗಾಗಿ ನಡೆಯುವ ಸಂಸ್ಥೆಗಳಿಗೆ ಈ ಅಡ್ಡಿ ಇಲ್ಲ.

ತೆರಿಗೆಯ ನೋಂದಣಿಗಳು

ಸಂಘ ನೋಂದಣಿಯಾದ ಮಾತ್ರಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆಯೇ ನೋಂದಣಿ ಬೇಕು. ಎಲ್ಲರ ಬಾಯಲ್ಲಿ ಅದು ‘12ಎ’ ಎಂದೇ ಉಳಿದಿದೆ. ದಾನ ಕೊಟ್ಟವರಿಗೆ ತೆರಿಗೆಯಲ್ಲಿ ಕಡಿತ ಸಿಗಬೇಕಾದರೆ ‘80ಜಿ’ ಅನುಮೋದನೆಯೂ ಬೇಕು. 1961ರ ಕಾಯ್ದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ರೂಪಿಸಿರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ, ಅರ್ಜಿ ತುಂಬುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. 2021ರ ನಂತರ ಈ ನೋಂದಣಿ ಶಾಶ್ವತವಲ್ಲ, ಅದಕ್ಕೆ ಅವಧಿ ಇದೆ. ಅವಧಿ ಮುಗಿಯುವ ದಿನವನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು.

ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು ಎಂಬ ನಿಯಮದಿಂದಾಗಿ, ಮಾರ್ಚ್ ಕೊನೆಯ ವಾರ ಗಡಿಬಿಡಿಯಲ್ಲಿ ಕುರ್ಚಿ, ಕಪಾಟು ಕೊಳ್ಳುವ ಸಂಸ್ಥೆಗಳಿವೆ. ಉಳಿದ ಶೇ. 15ನ್ನು ಯಾವ ವಿವರಣೆಯೂ ಇಲ್ಲದೆ ಉಳಿಸಿಕೊಳ್ಳಬಹುದು. ಕಟ್ಟಡದಂಥ ನಿರ್ದಿಷ್ಟ ಉದ್ದೇಶಕ್ಕೆ ಇನ್ನೂ ಹೆಚ್ಚು ಕೂಡಿಡಬೇಕಾದರೆ ಠರಾವು ಮಾಡಿ, ಗಡುವಿನೊಳಗೆ ನಮೂನೆ ಸಲ್ಲಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶವಿದೆ. ವರ್ಷಕ್ಕೆ 10 ಲಕ್ಷ ರೂಪಾಯಿ ಆದಾಯವಿರುವ ಸಂಸ್ಥೆ ಒಂದೂವರೆ ಲಕ್ಷ ಉಳಿಸುತ್ತ ಹೋದರೆ ಮೂರು ವರ್ಷದಲ್ಲಿ ನಾಲ್ಕೂವರೆ ಲಕ್ಷವಾಗುತ್ತದೆ, ಅಂದರೆ ಅದರ ಆರು ತಿಂಗಳ ಖರ್ಚಿಗಿಂತ ತುಸು ಹೆಚ್ಚೇ. ಅನುದಾನ ತಡವಾದಾಗ ಪಾಠ ಹೇಳುವವರ ಸಂಬಳ ನಿಲ್ಲದಂತೆ ನೋಡಿಕೊಳ್ಳುವುದು ಈ ಹಣವೇ.

ಹಣ ಎಲ್ಲಿಂದ ಬರಬೇಕು

ಸದಸ್ಯರ ಚಂದಾ, ಊರವರ ದಾನ, ದತ್ತಿನಿಧಿಯ ಬಡ್ಡಿ, ಸರ್ಕಾರದ ಅನುದಾನ, ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕೊಡುವ ಸಿಎಸ್‌ಆರ್ ಹಣ, ಇವಿಷ್ಟೂ ಮೂಲಗಳು ಬೇಕು, ಆದರೆ ಇವುಗಳ ಸ್ವಭಾವ ಬೇರೆ ಬೇರೆ. ಚಂದಾ ಸಣ್ಣ ಮೊತ್ತವಾದರೂ ಅದನ್ನು ಬಿಡಬಾರದು. ವರ್ಷಕ್ಕೆ ಇನ್ನೂರು ರೂಪಾಯಿ ಕೊಟ್ಟವರು ಮಹಾಸಭೆಗೆ ಬಂದು ಲೆಕ್ಕ ಕೇಳುತ್ತಾರೆ, ಮತ್ತು ಲೆಕ್ಕ ಕೇಳುವವರಿರುವ ಸಂಸ್ಥೆಯಲ್ಲಿ ಹಣ ದಾರಿ ತಪ್ಪುವುದು ಕಷ್ಟ.

ದಾನ ಪಡೆಯುವ ಕ್ರಮದಲ್ಲಿ ಶಿಸ್ತು ಬೇಕು. ರಶೀದಿಯಲ್ಲಿ ಮುದ್ರಿತ ಕ್ರಮಸಂಖ್ಯೆ, ದಾನಿಯ ಪೂರ್ಣ ಹೆಸರು, ವಿಳಾಸ, ಪ್ಯಾನ್, ಯಾವ ಬಾಬ್ತಿಗೆ ಕೊಟ್ಟದ್ದು, ನಗದೋ ಚೆಕ್ಕೋ ಯುಪಿಐಯೋ ಎಂಬುದು ಇರಬೇಕು. ಹಾಳಾದ ರಶೀದಿಯನ್ನು ಹರಿದು ಎಸೆಯದೆ ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಉಳಿಸಬೇಕು. ಕಾರ್ಯಕ್ರಮದ ದಿನ ಖಜಾಂಚಿಯ ಸ್ವಂತ ಫೋನಿನ ಕ್ಯೂಆರ್ ಕೋಡನ್ನು ಮೇಜಿನ ಮೇಲೆ ಅಂಟಿಸುವುದನ್ನು ಈಗ ಎಲ್ಲ ಕಡೆ ಕಾಣುತ್ತೇವೆ. ಖಜಾಂಚಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಹಣ ಕಾಗದದ ಮೇಲೆ ಅವರ ಹಣವೇ ಆಗುತ್ತದೆ, ಮುಂದೊಮ್ಮೆ ಅನುಮಾನಕ್ಕೆ ಗುರಿಯಾಗುವವರೂ ಅವರೇ. ಸಂಘದ ಖಾತೆಗೇ ಕ್ಯೂಆರ್ ಕೋಡ್ ಪಡೆದು, ಕೊಟ್ಟವರ ಹೆಸರನ್ನು ಪಕ್ಕದ ಪುಸ್ತಕದಲ್ಲಿ ಬರೆಸಿಕೊಳ್ಳಿ. ಹೆಸರಿಲ್ಲದ ದಾನ ಒಂದು ಮಿತಿಯನ್ನು, ಅಂದರೆ ಒಂದು ಲಕ್ಷ ರೂಪಾಯಿ ಅಥವಾ ಒಟ್ಟು ದಾನದ ಶೇ. 5, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ, ದಾಟಿದ ಭಾಗಕ್ಕೆ ಶೇ. 30ರ ತೆರಿಗೆ ಬೀಳುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ 80ಜಿ ಲಾಭ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಳಿಗೂ ಅದು ಇಲ್ಲ, ಆದ್ದರಿಂದ ತೆರಿಗೆ ಉಳಿತಾಯದ ಮಾತಿಗಿಂತ ಮಾಡಿದ ಕೆಲಸವನ್ನು ಮುಂದಿಟ್ಟು ದಾನ ಕೇಳುವುದೇ ಒಳ್ಳೆಯದು.

ನಮ್ಮ ಸಾಹಿತ್ಯ ಮತ್ತು ಶಿಕ್ಷಣ ಸಂಸ್ಥೆಗಳ ದೊಡ್ಡ ಬಲ ದತ್ತಿನಿಧಿ. ತಂದೆತಾಯಿಯ, ಗುರುಗಳ ಹೆಸರಿನಲ್ಲಿ ಒಂದು ಮೊತ್ತ ಇಟ್ಟು ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ, ಬಹುಮಾನ, ವಿದ್ಯಾರ್ಥಿವೇತನ ನಡೆಸುವ ಈ ಪದ್ಧತಿ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ಧಾರವಾಡದ ವಿದ್ಯಾವರ್ಧಕ ಸಂಘದಲ್ಲೂ ಬೇರೂರಿದೆ. ಆದರೆ ಒಂದು ಲೆಕ್ಕವನ್ನು ಮೊದಲೇ ಮಾಡಬೇಕು. ಒಂದು ಲಕ್ಷಕ್ಕೆ ಶೇ. 7ರಂತೆ 7,000 ರೂಪಾಯಿ ಬಡ್ಡಿ ಬಂದು, ಅಷ್ಟನ್ನೂ ಪ್ರತಿವರ್ಷ ಖರ್ಚು ಮಾಡುತ್ತೇವೆ ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಇಪ್ಪತ್ತು ವರ್ಷದ ಬಳಿಕ ಆ 7,000ಕ್ಕೆ ಸಿಗುವುದು ಇಂದು ಸುಮಾರು 2,600 ರೂಪಾಯಿಗೆ ಸಿಗುವಷ್ಟೇ. ಅತಿಥಿಯ ಪ್ರಯಾಣದ ಖರ್ಚಿಗೂ ಸಾಲದ ದತ್ತಿಗಳನ್ನು ಕೊನೆಗೆ ನಾಲ್ಕೈದು ಸೇರಿಸಿ ಒಂದೇ ದಿನ ಮುಗಿಸಬೇಕಾಗುತ್ತದೆ, ದಾನಿಯ ಮಕ್ಕಳಿಗೆ ಅದು ನೋವು ತರುತ್ತದೆ. ಇದನ್ನು ತಪ್ಪಿಸಲು ಬಡ್ಡಿಯ ಮೂರನೇ ಒಂದು ಭಾಗ ಮೂಲಧನಕ್ಕೆ ಸೇರಬೇಕು, ಬಡ್ಡಿ ಸಾಲದಾದಾಗ ಇದೇ ಬಗೆಯ ದತ್ತಿಗಳನ್ನು ಒಗ್ಗೂಡಿಸಲು ಸಮಿತಿಗೆ ಅಧಿಕಾರವಿರಬೇಕು ಎಂಬ ಷರತ್ತುಗಳನ್ನು ದಾನಿಯ ಒಪ್ಪಿಗೆಯೊಂದಿಗೆ ದತ್ತಿಪತ್ರದಲ್ಲೇ ಬರೆಸಿ. ಹಣ ಮೂಲನಿಧಿಗೆ ಸೇರಬೇಕು ಎಂಬ ದಾನಿಯ ಲಿಖಿತ ಸೂಚನೆ ಇದ್ದರಷ್ಟೇ ತೆರಿಗೆ ಇಲಾಖೆ ಅದನ್ನು ಮೂಲನಿಧಿ ಎಂದು ಒಪ್ಪುತ್ತದೆ. ಒಂದೆರಡು ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಆ ಹಣವನ್ನು ಖಾಸಗಿ ಹಣಕಾಸು ಸಂಸ್ಥೆಯಲ್ಲಿ ಇಡಲೇಬಾರದು. ಕಾಯ್ದೆ ಒಪ್ಪುವ ಬ್ಯಾಂಕ್ ಮತ್ತು ಅಂಚೆ ಠೇವಣಿಗಳಲ್ಲೇ ಇರಲಿ.

ಸರ್ಕಾರದ ಅನುದಾನಕ್ಕೆ ಸ್ವಯಂಸೇವಾ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಎನ್‌ಜಿಒ ದರ್ಪಣ್ ಪೋರ್ಟಲ್ಲಿನ ಗುರುತಿನ ಸಂಖ್ಯೆಯನ್ನು ಹಲವು ಇಲಾಖೆಗಳು ಕೇಳುತ್ತವೆ, ಹಣ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಬಾರದು. ಸಿಎಸ್‌ಆರ್ ಹಣದ ವಿಷಯದಲ್ಲಿ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅನ್ವಯವಾಗುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಖರ್ಚು ಮಾಡಬೇಕು. ಅದನ್ನು ಪಡೆಯಲು ಸಂಸ್ಥೆಗೆ 12ಎ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಮತ್ತು ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ಅನುಭವ ಬೇಕು. ಈ ಹಣ ಯೋಜನೆಯ ಜೊತೆ ಬಂದು ಯೋಜನೆಯ ಜೊತೆಗೇ ಹೋಗುತ್ತದೆ. ಅದನ್ನು ನಂಬಿ ಕಾಯಂ ಸಿಬ್ಬಂದಿಯನ್ನು ತೆಗೆದುಕೊಂಡರೆ ಎರಡನೇ ವರ್ಷ ಅವರನ್ನು ಮನೆಗೆ ಕಳಿಸಬೇಕಾಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಂದ ನೆರವು ಕೇಳುವವರು ಒಂದು ವಿಷಯವನ್ನು ಚೆನ್ನಾಗಿ ತಿಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಆದರೆ ಅಮೆರಿಕದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣವೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಕಳಿಸಿದ ಹಣವೇ ಸಂಸ್ಥೆಯನ್ನು ಸಂಕಟಕ್ಕೆ ಸಿಲುಕಿಸಬಾರದು, ಪಾಸ್‌ಪೋರ್ಟ್ ಪ್ರತಿ ಕೇಳಲು ಸಂಕೋಚ ಬೇಡ.

ವರ್ಷ ವರ್ಷದ ಕೆಲಸ, ತಲೆಮಾರಿನ ಕೆಲಸ

ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಅಲ್ಲಿ ಆಡಿಟ್ ಆದ ಲೆಕ್ಕಪತ್ರದ ಮಂಡನೆ, ಆಮೇಲೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು ಸಂಘಕ್ಕೆ ಕಡ್ಡಾಯ. ಇದನ್ನು ಹಲವು ವರ್ಷ ಬಿಟ್ಟವರು ಅನುದಾನದ ಅರ್ಜಿ ಹಾಕುವ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಓಡಾಡಬೇಕಾಗುತ್ತದೆ. ನಡಾವಳಿಯನ್ನು ಸಭೆ ನಡೆದ ವಾರದಲ್ಲೇ ಬರೆದು ಸಹಿ ಮಾಡಿಸಿ. ಯಾರು ಏನು ಸೂಚಿಸಿದರು, ಯಾರು ಅನುಮೋದಿಸಿದರು, ಭಿನ್ನಾಭಿಪ್ರಾಯ ಏನಿತ್ತು ಎಂಬುದು ದಾಖಲಾಗಿರಲಿ, ‘ಎಲ್ಲ ವಿಷಯಗಳನ್ನೂ ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಒಂದು ಸಾಲಿನಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ.

ಸ್ವಯಂಸೇವೆಯಿಂದ ಎಲ್ಲವೂ ನಡೆಯುತ್ತದೆ ಎಂದು ನಂಬುವುದೂ ತಪ್ಪು. ದಿನವೂ ಬಾಗಿಲು ತೆಗೆಯಬೇಕಾದ ಗ್ರಂಥಾಲಯಕ್ಕೆ, ಪ್ರತಿ ತಿಂಗಳು ಲೆಕ್ಕ ಬರೆಯುವ ಕೆಲಸಕ್ಕೆ ಗೌರವಯುತವಾದ ಸಂಬಳ ಕೊಡಿ. ಸಮಿತಿಯಲ್ಲಿ ಮೂವತ್ತರೊಳಗಿನ ಇಬ್ಬರಾದರೂ ಇರಲಿ, ಅವರಿಗೆ ವೇದಿಕೆಯ ನಿರೂಪಣೆಯಷ್ಟೇ ಅಲ್ಲದೆ ಚೆಕ್ಕಿಗೆ ಸಹಿ ಮಾಡುವ ಹೊಣೆಯೂ ಸಿಗಲಿ.

ಪದಾಧಿಕಾರಿಗಳು ಬದಲಾಗುವಾಗ ಹಾರ ತುರಾಯಿಯ ಜೊತೆಗೆ ಹಸ್ತಾಂತರದ ಪಟ್ಟಿಯೊಂದಕ್ಕೂ ಇಬ್ಬರ ಸಹಿ ಬೀಳಬೇಕು. ಅದರಲ್ಲಿ ಮೂಲ ನೋಂದಣಿ ಪತ್ರ, ಬೈಲಾ, ಪ್ಯಾನ್ ಕಾರ್ಡ್, ಠೇವಣಿ ಪತ್ರಗಳು, ದತ್ತಿಪತ್ರಗಳು, ಬಳಸಿದ ಮತ್ತು ಬಳಸದ ರಶೀದಿ ಪುಸ್ತಕಗಳು, ನಡಾವಳಿ ಪುಸ್ತಕ, ಸ್ವತ್ತುಗಳ ದಾಸ್ತಾನು ಪುಸ್ತಕ, ಡಿಜಿಟಲ್ ಸಹಿಯ ಟೋಕನ್, ಪೋರ್ಟಲ್ಲುಗಳ ಪಾಸ್‌ವರ್ಡ್‌ಗಳು ಇರಬೇಕು. ಈಗ ಎಲ್ಲಕ್ಕೂ ಒಟಿಪಿ ಬೇಕಾಗಿರುವುದರಿಂದ, ತೆರಿಗೆ ಪೋರ್ಟಲ್ಲಿನಲ್ಲೂ ಬ್ಯಾಂಕಿನಲ್ಲೂ ಇರುವ ಫೋನ್ ಸಂಖ್ಯೆ ಹಳೆಯ ಕಾರ್ಯದರ್ಶಿಯದ್ದೇ ಆಗಿದ್ದರೆ, ಅವರು ಊರು ಬಿಟ್ಟ ಮೇಲೆ ಸಂಸ್ಥೆಯ ಕೆಲಸವೇ ನಿಲ್ಲುತ್ತದೆ. ಸಂಘದ ಹೆಸರಿನಲ್ಲೇ ಒಂದು ಸಿಮ್ ಮತ್ತು ಒಂದು ಇಮೇಲ್ ಮಾಡಿಸಿ, ಎಲ್ಲ ಕಡೆ ಅದನ್ನೇ ಕೊಟ್ಟು, ಆ ಫೋನನ್ನು ಸಂಘದ ಕಚೇರಿಯಲ್ಲೇ ಇಡಿ.