ಗೂಗಲ್ ಮರೆಯಲ್ಲ, ನಾವೇ ಮರೆಸಬೇಕು

ನಿನ್ನೆ ಸುಮ್ನೆ ಕೂತು ಗೂಗಲ್ ಖಾತೆಯ 'ಮೈ ಆಕ್ಟಿವಿಟಿ' ತೆರೆದೆ. ಎಂಟು ವರ್ಷದ ಹಿಂದೆ ರಾತ್ರಿ ಎರಡು ಗಂಟೆಗೆ 'ಮಗುವಿಗೆ ಜ್ವರ 102' ಅಂತ ಹುಡುಕಿದ್ದೂ ಅಲ್ಲೇ ಇತ್ತು! ನನಗೇ ಮರೆತುಹೋಗಿತ್ತು.

ನೀವೂ ಒಮ್ಮೆ ನೋಡಿ. ಖಾತೆಯ 'ಡೇಟಾ ಅಂಡ್ ಪ್ರೈವಸಿ'ಗೆ ಹೋಗಿ. 'ವೆಬ್ ಅಂಡ್ ಆಪ್ ಆಕ್ಟಿವಿಟಿ' ಒಳಗೆ 'ಆಟೋ ಡಿಲೀಟ್' ಇದೆ. 3, 18 ಅಥವಾ 36 ತಿಂಗಳು ಆರಿಸಬಹುದು, ಅದಕ್ಕಿಂತ ಹಳೆಯದು ತಾನಾಗೇ ಅಳಿಸಿಹೋಗುತ್ತೆ. ನಾನು 3 ಇಟ್ಟೆ. 2020ರ ಜೂನ್‌ಗಿಂತ ಮುಂಚಿನ ಖಾತೆಯಾದರೆ ಇದನ್ನು ನೀವೇ ಆನ್ ಮಾಡಬೇಕು, ಹಾಗಾಗಿ ಅಪ್ಪ ಅಮ್ಮನ ಫೋನನ್ನೂ ನೋಡಿಬಿಡಿ. ಯೂಟ್ಯೂಬ್ ಹಿಸ್ಟರಿಗೆ ಬೇರೆಯಾಗಿ ಮಾಡಬೇಕು.

ಬ್ರೌಸರಿನ ಖಾಸಗಿ ಮೋಡ್ ಆದ ಇನ್‌ಕಾಗ್ನಿಟೊದಲ್ಲಿ ಹುಡುಕಿದರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೀರಾ? ಫೋನಿನಲ್ಲಿ ಹಿಸ್ಟರಿ ಉಳಿಯಲ್ಲ ಅಷ್ಟೇ. ನೀವು ತೆರೆದ ವೆಬ್‌ಸೈಟಿಗೆ, ಆಫೀಸ್ ವೈಫೈ ನೋಡಿಕೊಳ್ಳುವವರಿಗೆ ಗೊತ್ತಾಗಬಹುದು.