ಪ್ರಬಂಧ ಸ್ಪರ್ಧೆಗೆ ವಿಷಯ ಹುಡುಕುವ ಕೆಲಸ

ಶಿವಮೊಗ್ಗದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಎಂ.ಎ. ಓದುವವರಿಗಾಗಿ ಪ್ರತಿ ವರ್ಷ ಒಂದು ಪ್ರಬಂಧ ಸ್ಪರ್ಧೆ ನಡೆಸುತ್ತೇವೆ. ಜಿಲ್ಲೆಯ ಬೇರೆ ಕಾಲೇಜುಗಳಿಂದಲೂ ಪ್ರಬಂಧ ಬರುತ್ತವೆ. ಬಹುಮಾನ ದೊಡ್ಡದೇನಲ್ಲ, ನಾಲ್ಕು ಪುಸ್ತಕ, ಸ್ವಲ್ಪ ನಗದು. ಕೆಲಸ ಮಾತ್ರ ಜಾಸ್ತಿ. ಅದರಲ್ಲೂ ವಿಷಯ ಗೊತ್ತು ಮಾಡುವ ಕೆಲಸ. ನೋಡಿದವರಿಗೆ ಒಂದು ಸಾಲು ಬರೆಯುವುದು ಅಷ್ಟೇ. ಆದರೆ ಆ ಸಾಲು ಕೆಟ್ಟರೆ ಬಂದ ಪ್ರಬಂಧಗಳೆಲ್ಲ ಕೆಟ್ಟ ಹಾಗೆಯೇ.

ಎಲ್ಲ ಕಡೆ ಕೊಡುವ ವಿಷಯಗಳು ನಿಮಗೂ ಗೊತ್ತಿರುತ್ತವೆ. ‘ಜಾಗತೀಕರಣ ಮತ್ತು ಗ್ರಾಮೀಣ ಸಮಾಜ’, ‘ಮಹಿಳಾ ಸಬಲೀಕರಣ: ಸಮಸ್ಯೆಗಳು ಮತ್ತು ಪರಿಹಾರಗಳು’. ಬರುವ ಉತ್ತರವೂ ಗೊತ್ತು. ‘ಮಾನವನು ಸಂಘಜೀವಿ’ ಅಂತ ಶುರುವಾಗುತ್ತದೆ. ನಡುವೆ ಸಮಾಜಶಾಸ್ತ್ರದ ಹಿರಿಯರಾದ ಕಾಮ್ಟ್, ಡರ್ಕ್‌ಹೈಮ್, ವೇಬರ್ ಒಬ್ಬರ ಹಿಂದೆ ಒಬ್ಬರು ಬಂದು ಹೋಗುತ್ತಾರೆ. ಕೊನೆಗೆ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು. ಬರೆದವನು ಹೊಸನಗರದವನೋ ಬಳ್ಳಾರಿಯವನೋ ತಿಳಿಯುವುದೇ ಇಲ್ಲ. ಹುಡುಗರನ್ನು ಬೈದು ಏನು ಪ್ರಯೋಜನ? ಅಂಥ ವಿಷಯ ಕೊಟ್ಟರೆ ಗೈಡು ಬಿಟ್ಟು ಇನ್ನೆಲ್ಲಿಗೆ ಹೋಗುತ್ತಾರೆ? ಈಗಂತೂ ಗೈಡೂ ಬೇಕಿಲ್ಲ. ಮೊಬೈಲಿನಲ್ಲಿ ಚಾಟ್‌ಜಿಪಿಟಿಯನ್ನು ಕೇಳಿದರೆ ಇದೇ ಪ್ರಬಂಧ ಕಾಗುಣಿತ ತಪ್ಪಿಲ್ಲದೆ ಬರುತ್ತದೆ.

ಹಾಗಾಗಿ ನಾವು ವಿಷಯ ಕೊಡುವುದನ್ನು ಬಿಟ್ಟು ಪ್ರಶ್ನೆ ಕೊಡಲು ಶುರು ಮಾಡಿದೆವು. ನಾನು ಇಟ್ಟುಕೊಂಡ ಅಳತೆ ಒಂದೇ: ಯಾರದಾದರೂ ಮನೆಗೆ ಹೋಗಿ ಕೂತು ಮಾತಾಡದೆ ಈ ಪ್ರಶ್ನೆಗೆ ಉತ್ತರ ಬರೆಯಲು ಆಗಬಾರದು.

ಒಂದು ವರ್ಷದ ಪ್ರಶ್ನೆ ಹೀಗಿತ್ತು: ‘ನಿಮ್ಮ ಊರಿನಲ್ಲಿ ಅಡಿಕೆ ಸುಲಿಯುತ್ತಿದ್ದವರು ಯಾರು? ಸುಲಿಯುವ ಮಷಿನ್ ಬಂದ ಮೇಲೆ ಅವರು ಏನು ಮಾಡುತ್ತಿದ್ದಾರೆ?’ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬರೆದಿದ್ದು ಇನ್ನೂ ನೆನಪಿದೆ. ಅವಳೂ ಅವಳ ಅಮ್ಮನೂ ಸೀಸನ್ನಿನಲ್ಲಿ ಬೇರೆಯವರ ಮನೆಗೆ ಸುಲಿಯಲು ಹೋಗುತ್ತಿದ್ದವರು. ಅಡಿಕೆ ಗೊನೆ ಇಳಿಸಿದ ಮೇಲೆ ಕಾಯಿ ಜಾಸ್ತಿ ದಿನ ಇಟ್ಟುಕೊಳ್ಳುವಂತಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ ರಾತ್ರಿಯೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಬೇರೆ ಬೇರೆ ಕೇರಿಯ ಹೆಂಗಸರು ಒಂದೇ ಅಂಗಳದಲ್ಲಿ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಸಂಘದ ಸಾಲದ ಕಂತು ಯಾರದ್ದು ಬಾಕಿ, ಯಾವ ತೋಟದ ಫಸಲು ಖೇಣಿಗೆ (ಗುತ್ತಿಗೆಗೆ) ಹೋಯಿತು, ಎಲ್ಲವೂ ಅಲ್ಲೇ ಗೊತ್ತಾಗುವುದು. ಮಳೆಗಾಲದ ಖರ್ಚಿಗೆ ಮುಂಗಡ ಕೇಳುವುದೂ ಅಲ್ಲೇ. ಮಷಿನ್ ಬಂದ ಮೇಲೆ ಕೂಲಿ ಮಷಿನ್ ಇಟ್ಟವನ ಕೈಗೆ ಹೋಯಿತು ಅಂತ ಎಲ್ಲರೂ ಬರೆದಿದ್ದರು. ಇವಳು ಅಲ್ಲಿಗೆ ನಿಲ್ಲಲಿಲ್ಲ. ಕೂಲಿ ಹೋಗಿದ್ದಕ್ಕೆ ಬದಲು ಬೇರೆ ಕೂಲಿ ಸಿಕ್ಕಿತು, ಮುಂಗಡ ಕೇಳುವ ಜಾಗ ಸಿಗಲಿಲ್ಲ ಅಂತ ಬರೆದಳು. ಆ ಮಾತನ್ನು ಹೇಳಿದ ಮೂವರು ಹೆಂಗಸರ ಜೊತೆ ನಡೆದ ಮಾತುಕತೆಯನ್ನೂ ಕೊಟ್ಟಿದ್ದಳು.

ಇಡೀ ಪ್ರಬಂಧದಲ್ಲಿ ಅವಳು ಹೆಸರು ಹೇಳಿದ್ದು ಒಬ್ಬನೇ ವಿದ್ವಾಂಸನದ್ದು, ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್. ಒಬ್ಬ ಮನುಷ್ಯನ ಕೆಲಸ ಹೋದರೆ ಅದು ಅವನ ಕಷ್ಟ, ಒಂದು ನಾಡಿನಲ್ಲಿ ಸಾವಿರಾರು ಜನರ ಕೆಲಸ ಹೋದರೆ ಅದು ಸಮಾಜದ ಪ್ರಶ್ನೆ ಎಂಬ ಅರ್ಥದ ಮಾತನ್ನು ಮಿಲ್ಸ್ 1959ರಲ್ಲಿ ಹೇಳಿದ್ದರು. ಅದು ಎಲ್ಲ ಪಠ್ಯದಲ್ಲೂ ಇರುತ್ತದೆ. ಆದರೆ ಅವಳ ಪ್ರಬಂಧದಲ್ಲಿ ಅದಕ್ಕೆ ಕೆಲಸ ಇತ್ತು. ನಾನು ವಿದ್ಯಾರ್ಥಿಗಳಿಗೆ ಹೇಳುವುದೂ ಇಷ್ಟೇ: ಒಬ್ಬರು ಸಾಕು, ಆದರೆ ಅವರು ಸುಮ್ನೆ ಕೂತಿರಬಾರದು.

ಇನ್ನೊಂದು ವರ್ಷ ಗೇಣಿ, ಅಂದರೆ ಒಡೆಯರ ಭೂಮಿ ಉಳುವವರು ಅದಕ್ಕೆ ಕೊಡುತ್ತಿದ್ದ ಪಾಲಿನ ಬಗ್ಗೆ ಕೇಳಿದೆವು. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಸಮಾಜಶಾಸ್ತ್ರ ಹೇಗೆ ಕಲಿಸುವುದು ನನಗೆ ತಿಳಿಯದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಮೂಲದಲ್ಲಿದ್ದದ್ದು ಭತ್ತ ಅಳೆಯುವ ಕೊಳಗದ ಅಳತೆ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದೂ ಆಗಲೇ. ಆಮೇಲೆ ದೇವರಾಜ ಅರಸು ಕಾಲದಲ್ಲಿ, 1974ರ ಭೂ ಸುಧಾರಣೆ ತಿದ್ದುಪಡಿ: ಗೇಣಿದಾರ ಡಿಕ್ಲರೇಷನ್, ಅಂದರೆ ಅರ್ಜಿ ಫಾರಂ ಹಾಕಿದರೆ ಉಳುತ್ತಿದ್ದ ಭೂಮಿ ಅವನದಾಗುವ ಅವಕಾಶ. ಇಷ್ಟು ಎಲ್ಲರಿಗೂ ಗೊತ್ತು. ನಾವು ಕೇಳಿದ್ದು ಬೇರೆ: ‘ನಿಮ್ಮ ಊರಿನಲ್ಲಿ ಡಿಕ್ಲರೇಷನ್ ಹಾಕಿದವರು ಯಾರು, ಹಾಕದೆ ಉಳಿದವರು ಯಾರು, ಯಾಕೆ?’

ಈ ‘ಹಾಕದೆ ಉಳಿದವರು’ ಅನ್ನುವ ತುಂಡನ್ನು ಸೇರಿಸಲು ನಮ್ಮ ವಿಭಾಗದಲ್ಲಿ ಒಂದಿಷ್ಟು ವಾದವೇ ಆಯಿತು. ಹಳೇ ಗಾಯ ಕೆದಕುವುದು ಯಾಕೆ ಮೇಡಂ ಅಂದವರೂ ಇದ್ದರು. ನಾನು ಬಿಡಲಿಲ್ಲ. ಅದೇ ತುಂಡು ಆ ವರ್ಷದ ಪ್ರಬಂಧಗಳನ್ನು ಉಳಿಸಿತು. ಒಡೆಯರ ಮೇಲಿನ ಮುಲಾಜಿಗೆ ಫಾರಂ ಕೊಡದವರು, ‘ಅನ್ನ ಹಾಕಿದ ಮನೆ’ ಅಂದುಕೊಂಡು ಹಿಂದೆ ಸರಿದವರು, ಕಾಗದ ಓದಲು ಬಾರದೆ ದಿನ ಮೀರಿಸಿದವರು, ಹೀಗೆ ಬೇರೆ ಬೇರೆ ಕಾರಣ ಬಂದವು. ಕೂಲಿಗೆ ಹೋಗುತ್ತಿದ್ದವರಿಗೆ ಡಿಕ್ಲರೇಷನ್ ಹಾಕುವ ಪ್ರಶ್ನೆಯೇ ಇರಲಿಲ್ಲ, ಅವರು ಗೇಣಿದಾರರೇ ಅಲ್ಲವಲ್ಲ. ಅದನ್ನು ಗುರುತಿಸಿದ್ದು ಒಬ್ಬನೇ ಹುಡುಗ. ಉಳುವವನಿಗೆ ಭೂಮಿ ಬಂತು, ಉಳುವವನ ಗದ್ದೆಯಲ್ಲಿ ನೆಟ್ಟಿ ನೆಟ್ಟವಳಿಗೆ ಏನು ಬಂತು ಅಂತ ಕೇಳಿದ್ದ. ಮೊದಲ ಬಹುಮಾನ ಅವನಿಗೇ ಹೋಯಿತು.

ಅದೇ ವರ್ಷ ಒಂದೇ ಊರಿನಿಂದ ಎರಡು ಪ್ರಬಂಧ ಬಂದವು. ಒಂದು ಭೂಮಿ ಬಿಟ್ಟುಕೊಟ್ಟ ಮನೆಯ ಹುಡುಗಿಯದು, ಇನ್ನೊಂದು ಭೂಮಿ ಪಡೆದ ಮನೆಯ ಹುಡುಗನದು. ಇಬ್ಬರೂ ಕೇಳಿದ್ದು ತಮ್ಮ ತಮ್ಮ ಅಜ್ಜನನ್ನು ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅದು ಒಂದೇ ಊರು ಅಂತ ನಂಬುವುದೇ ಕಷ್ಟ. ಅಲ್ಲಿಂದ ಒಂದು ನಿಯಮ ಬಂತು. ಕನಿಷ್ಠ ಒಬ್ಬರನ್ನಾದರೂ ನಿಮ್ಮ ಮನೆಯವರು ಮಾತಾಡಿಸದ ಮನೆಯಲ್ಲಿ ಕೇಳಿಕೊಂಡು ಬರಬೇಕು. ಮಕ್ಕಳು ಇದಕ್ಕೇ ಜಾಸ್ತಿ ಹೆದರುವುದು. ಹೋಗಿ ಬಂದವರು ಮಾತ್ರ ಬೇರೆ ಥರ ಬರೆಯುತ್ತಾರೆ.

ಪ್ರಬಂಧದ ಜೊತೆ ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್ ಕಡ್ಡಾಯ. ಅಕ್ಷರ ಹೇಗಿದ್ದರೂ ಸರಿ, ಚಹಾ ಚೆಲ್ಲಿದ್ದರೂ ಸರಿ. ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹೆಸರು ಎತ್ತುತ್ತಾರೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು, ಆಮೇಲೆ ಅವರು ಮೈಸೂರು ಸೀಮೆಯಲ್ಲಿ ತಾವು ಅಧ್ಯಯನ ಮಾಡಿದ್ದ ಹಳ್ಳಿಯ ಬಗ್ಗೆ ನೆನಪಿನಿಂದಲೇ ಪುಸ್ತಕ ಬರೆದರು, ಅಲ್ವಾ ಮೇಡಂ? ಹೌದಪ್ಪ. ಆದರೆ 1948ರಲ್ಲಿ ಅವರು ಆ ಊರಿನಲ್ಲಿ ತಿಂಗಳುಗಟ್ಟಲೆ ಇದ್ದವರು. ನೀನು ಶನಿವಾರ ಹೋಗಿ ಭಾನುವಾರ ಬಂದವನು. ಬರೆದಿಟ್ಟುಕೋ.

ದಿನದ ಲೆಕ್ಕಾಚಾರವೂ ಮುಖ್ಯ. ಜುಲೈನಲ್ಲಿ ಪ್ರಶ್ನೆ ಕೊಟ್ಟರೆ ಆಗುಂಬೆ ಕಡೆ, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕಡೆ ಮಳೆ. ಕರೆಂಟೂ ಇರುವುದಿಲ್ಲ, ಯಾರ ಮನೆಗೆ ಹೋಗಲೂ ಆಗುವುದಿಲ್ಲ. ಅದಕ್ಕೇ ದಸರಾ ರಜೆಗೆ ಮುಂಚೆ ಪ್ರಶ್ನೆ ಹೊರಡಿಸುತ್ತೇವೆ. ಅಡಿಕೆ ಕೊಯ್ಲಿನಲ್ಲಿ ಅರ್ಧ ತರಗತಿ ಖಾಲಿ. ಅದನ್ನು ತಡೆಯಲು ಆಗದು, ಬಳಸಿಕೊಳ್ಳಬಹುದು. ಪ್ರಬಂಧ ಕೊಡಲು ಸಂಕ್ರಾಂತಿವರೆಗೆ ಸಮಯ.

ಹೆಸರಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹೆಸರು ಬದಲಿಸಿದರೆ ಸಾಕು ಅಂತ ಪಠ್ಯದಲ್ಲಿರುತ್ತದೆ. ಮಲೆನಾಡಿನಲ್ಲಿ ಅದು ಸಾಲುವುದಿಲ್ಲ. ಇಲ್ಲಿ ಮನೆಗಳು ಒಂದೊಂದು ಕಡೆ ಒಂಟಿಯಾಗಿರುತ್ತವೆ. ‘ಕೆರೆ ಮೇಲಿನ ಮನೆಯ ವಿಧವೆ’ ಅಂದರೆ ಸುತ್ತ ಹತ್ತು ಊರಿಗೆ ಯಾರೆಂದು ಗೊತ್ತಾಗುತ್ತದೆ. ಕೆರೆ ತೆಗೆಯಿರಿ, ಬೇಕಿದ್ದರೆ ಊರನ್ನೂ ತೆಗೆಯಿರಿ ಅನ್ನುತ್ತೇನೆ. ಸಾಲದ ವಿಷಯ, ಮದುವೆ ಮುರಿದ ವಿಷಯ ಹೇಳಿದವರಿಗೆ ಬರೆದದ್ದನ್ನು ಓದಿ ಹೇಳಿ ಬರಬೇಕು. ಬೇಡ ಅಂದರೆ ಬಿಡಬೇಕು. ಹೀಗೆ ಒಳ್ಳೆಯ ಪುಟಗಳು ಹೋಗಿವೆ, ಹೋಗಲಿ.

ಅಂಕ ಕೊಡುವುದರಲ್ಲಿ ದೊಡ್ಡ ಗುಟ್ಟಿಲ್ಲ. ಹೆಸರು ಮುಚ್ಚಿ ನಂಬರ್ ಹಾಕುತ್ತೇವೆ, ಇಬ್ಬರು ಬೇರೆಬೇರೆಯಾಗಿ ಓದುತ್ತಾರೆ. ನೂರರಲ್ಲಿ ನಲವತ್ತು ಕಂಡದ್ದಕ್ಕೆ, ಕೇಳಿದ್ದಕ್ಕೆ. ಭಾಷೆಗೆ ಹದಿನೈದು ಮಾತ್ರ. ಮೊದಲ ಸುತ್ತು ದಾಟಿದವರನ್ನು ಕರೆದು ಸ್ವಲ್ಪ ಹೊತ್ತು ಮಾತಾಡಿಸುತ್ತೇವೆ. ‘ಅವರು ಇದನ್ನು ಹೇಳುವಾಗ ಪಕ್ಕದಲ್ಲಿ ಯಾರಿದ್ದರು?’ ಅಂತ ಕೇಳಿದರೆ ಸಾಕು, ಹೋಗಿದ್ದವರು ಬಾಯಿಬಿಡುತ್ತಾರೆ, ಹೋಗದವರು ಸೂರು ನೋಡುತ್ತಾರೆ.

ಈ ಸಲ ಸಾಗರ ತಾಲ್ಲೂಕಿನ ಸಿಗಂದೂರಿನ ಸೇತುವೆ ಬಗ್ಗೆ ಕೇಳಬೇಕು ಅಂತಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಹಿನ್ನೀರಿನ ಆಚೆಯವರು ಲಾಂಚನ್ನೇ (ಜನ, ವಾಹನ ದಾಟಿಸುವ ದೊಡ್ಡ ದೋಣಿ) ನಂಬಿದ್ದರು. ಸಂಜೆ ಕೊನೆಯ ಲಾಂಚ್ ಹೋದರೆ ಹೋಯಿತು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಅನುಕೂಲ ಆಯಿತಾ ಅಂತ ಕೇಳಿದರೆ ಆಯಿತು ಅನ್ನುತ್ತಾರೆ, ಪ್ರಬಂಧ ಅಲ್ಲಿಗೇ ಮುಗಿಯುತ್ತದೆ. ‘ರಾತ್ರಿ ಹೊತ್ತು ಈಗ ಸೇತುವೆ ದಾಟುವವರು ಯಾರು, ಯಾವ ಕೆಲಸಕ್ಕೆ?’ ಅಂತ ಬರೆದು ವಿಭಾಗದ ಮುಂದೆ ಇಟ್ಟಿದ್ದೇನೆ. ದಡದಲ್ಲಿ ಚಹಾ ಅಂಗಡಿ ಇಟ್ಟಿದ್ದವರನ್ನೂ ಸೇರಿಸಿ ಅಂತ ಹಿನ್ನೀರಿನ ಆಚೆ ತುಮರಿ ಕಡೆಯ ವಿದ್ಯಾರ್ಥಿಯೊಬ್ಬ ಹೇಳಿದ್ದಾನೆ. ಸೇರಿಸಿದರೆ ಪ್ರಶ್ನೆ ಎರಡು ಸಾಲಾಗುತ್ತದೆ. ಪರವಾಗಿಲ್ಲ, ಸೇರಿಸುತ್ತೇನೆ.