ಸೈಲೆನ್ಸರ್ ಬದಲಿಸುವ ಮುನ್ನ ನೋಡಿಕೊಳ್ಳಬೇಕಾದದ್ದು

"ನನ್ನ ದುಡ್ಡು, ನನ್ನ ಗಾಡಿ, ಸೈಲೆನ್ಸರ್ ಯಾವುದಿದ್ದರೆ ಯಾರಿಗೇನು?" ಎಂಬ ಮಾತು ಗ್ಯಾರೇಜುಗಳ ಮುಂದೆ ಆಗಾಗ ಕಿವಿಗೆ ಬೀಳುತ್ತದೆ. ಗಾಡಿ ಅವರದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಸದ್ದು ಕಾಂಪೌಂಡ್ ದಾಟಿದ ಮೇಲೆ ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ಗಾಡಿಯ ಸದ್ದನ್ನು ಇಷ್ಟಪಡುವವರು, ನನ್ನನ್ನೂ ಸೇರಿಸಿ, ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು 1988ರ ಮೋಟಾರು ವಾಹನ ಕಾಯ್ದೆ. ಅದರ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಸದ್ದಿನ ಮಿತಿ ಮೀರಿದ ವಾಹನವನ್ನು ಓಡಿಸಿದರೆ 190(2)ರ ಪ್ರಕಾರ ದಂಡ 10,000 ರೂಪಾಯಿವರೆಗೆ ಏರಬಹುದು, ಮೇಲಾಗಿ ಲೈಸೆನ್ಸ್ 3 ತಿಂಗಳು ಅನರ್ಹವಾಗುತ್ತದೆ. ದಂಡಕ್ಕಿಂತ ಈ ಕೊನೆಯದೇ ದಿನವೂ ಗಾಡಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ದುಬಾರಿಯಾದೀತು.

ಮಿತಿ ಎಷ್ಟು? ದ್ವಿಚಕ್ರ ವಾಹನಗಳಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾದ ಮಿತಿ 80 ಸಿಸಿವರೆಗೆ 75 ಡೆಸಿಬಲ್, 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟರೆ 80. ನಿಮ್ಮ ಮಾದರಿಯ ಗಾಡಿ ಪರೀಕ್ಷೆಯಲ್ಲಿ ಎಷ್ಟು ಸದ್ದು ಮಾಡಿತ್ತೆಂಬುದು ಹೊಸ ಗಾಡಿಯ ಜೊತೆ ಬರುವ ಫಾರಂ 22ರಲ್ಲಿ ಇರುತ್ತದೆ. ಆರ್‌ಸಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ನಾವು ಈ ಹಾಳೆಯನ್ನು ಶೋರೂಮಿನ ಕವರಿನಲ್ಲೇ ಮರೆತುಬಿಡುತ್ತೇವೆ. ಇವತ್ತೇ ಹುಡುಕಿ ತೆಗೆದಿಡಿ.

ಇಲ್ಲಿ ಹಲವರು ಎಡವುವುದು ಅಳತೆಯಲ್ಲಿ. ಮೊಬೈಲನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಆ್ಯಪ್ 95 ತೋರಿಸಿತೆಂದು ಗಾಬರಿಯಾಗುವುದೂ, "ಕಂಪನಿಯ ಸೈಲೆನ್ಸರೇ 95 ಇದೆ, ಹಾಗಾಗಿ ನನ್ನದೂ ಸರಿ" ಎಂದು ವಾದಿಸುವುದೂ ಅರ್ಥವಿಲ್ಲದ್ದು. ಮೇಲಿನ ಮಿತಿಗಳು, ಗಾಡಿ ವೇಗ ಹೆಚ್ಚಿಸಿಕೊಂಡು ಹಾದುಹೋಗುವಾಗ ಅದರ ಹಾದಿಯಿಂದ 7.5 ಮೀಟರ್ ದೂರದಲ್ಲಿಟ್ಟ ಮೈಕಿನಲ್ಲಿ ದಾಖಲಾಗುವ ಸದ್ದಿಗೆ ಸಂಬಂಧಿಸಿದವು. ನಿಂತ ಗಾಡಿಯ ಪರೀಕ್ಷೆ ಬೇರೆಯದೇ; ಅದರಲ್ಲಿ ಮೈಕ್ ಸೈಲೆನ್ಸರಿನಿಂದ ಅರ್ಧ ಮೀಟರ್ ದೂರದಲ್ಲಿ, ಓರೆಯಾಗಿ ಇರುತ್ತದೆ. ಡೆಸಿಬಲ್ ಲೆಕ್ಕವೂ ಸಾಮಾನ್ಯ ಕೂಡುವಿಕೆಯಂತಲ್ಲ. 80 ಇದ್ದದ್ದು 90 ಆದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗಿರುತ್ತದೆ.

ಹಳೆಯ ಗಾಡಿ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸೈಲೆನ್ಸರ್ ಹೊರಗಿನಿಂದ ಕಂಪನಿಯದೇ ಆಗಿದ್ದು, ಒಳಗಿನ ತಡೆಗಳನ್ನು ಉದ್ದನೆಯ ಸರಳು ತೂರಿಸಿ ಒಡೆದಿರುವುದುಂಟು. ಎಂಜಿನ್ ತಣ್ಣಗಿರುವಾಗ ಬೆರಳ ಗಿಣ್ಣಿನಿಂದ ಅದನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ: ಒಳಗೆಲ್ಲ ಸರಿಯಿದ್ದರೆ ಮಂಕಾದ ಸದ್ದು ಬರುತ್ತದೆ, ಬರಿದಾಗಿದ್ದರೆ ಖಾಲಿ ಡಬ್ಬಿಯಂತೆ ಟಣಟಣ ಎನ್ನುತ್ತದೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನ ಹತ್ತಿರ ಹೊಸ ವೆಲ್ಡಿಂಗ್ ಗುರುತು ಕಂಡರೆ ಅದು ಯಾಕೆ ಬಂತೆಂದು ಮಾರುವವರನ್ನೇ ಕೇಳಿ. ಉತ್ತರ ತಡವರಿಸಿದರೆ, ಹೊಸ ಸೈಲೆನ್ಸರಿನ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆದುಕೊಂಡು ಮಾತಾಡಿ.

ಅಂಗಡಿಯವರು "ಡಿಬಿ ಕಿಲ್ಲರ್ ಇದೆ, ಪೊಲೀಸರು ಹಿಡಿಯುವುದಿಲ್ಲ" ಎಂದು ಭರವಸೆ ಕೊಟ್ಟರೆ, ಅದನ್ನು ಬಿಲ್ಲಿನ ಮೇಲೆ ಬರೆದುಕೊಡಿ ಎನ್ನಿ. ಮಾತು ಅಲ್ಲಿಗೆ ನಿಲ್ಲುತ್ತದೆ. ಸೈಲೆನ್ಸರಿನ ಬಾಯಿಯೊಳಗೆ ಕೂರಿಸುವ, ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಆ ಡಿಬಿ ಕಿಲ್ಲರ್ ಕೊಳವೆ ಸದ್ದನ್ನು ಸ್ವಲ್ಪ ಇಳಿಸೀತು, ಆದರೆ ಮಾರ್ಪಾಡು ಮಾರ್ಪಾಡೇ. ಡಬ್ಬದ ಮೇಲೆ ರೇಸ್ ಟ್ರ್ಯಾಕಿಗೆ ಮಾತ್ರ ಎಂದು ಸಣ್ಣಕ್ಷರದಲ್ಲಿ ಇದೆಯೇ ಎಂದೂ ನೋಡಿ. ಬಿಎಸ್ 6 (ಹೊಗೆಯ ಮಿತಿಯ ಈಗಿನ ಮಾನದಂಡ) ಗಾಡಿಗಳಲ್ಲಿ, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಭಾಗವನ್ನೇ ತೆಗೆದರೆ ಹೊಗೆಯ ಮಿತಿಯೂ ತಪ್ಪುತ್ತದೆ. ಕೀ ಆಫ್ ಮಾಡಿ ಆನ್ ಮಾಡುತ್ತಾ "ಢಂ" ಎನ್ನಿಸುವ ಚಟ ಇದಕ್ಕಿಂತಲೂ ಕೆಟ್ಟದು; ಉರಿಯದ ಪೆಟ್ರೋಲ್ ಬಿಸಿ ಪೈಪಿನೊಳಗೆ ಹೊತ್ತಿಕೊಳ್ಳುವುದೇ ಆ ಸದ್ದು, ಅದರ ಏಟು ಬೀಳುವುದು ನಿಮ್ಮದೇ ಕನ್ವರ್ಟರಿಗೆ.

ಸ್ವಾತಂತ್ರ್ಯದ ವಾದಕ್ಕೆ ಸುಪ್ರೀಂ ಕೋರ್ಟ್ 2005ರ ಜುಲೈ 18ರ ಶಬ್ದಮಾಲಿನ್ಯ ತೀರ್ಪಿನಲ್ಲೇ ಉತ್ತರ ಕೊಟ್ಟಿದೆ. ಅಲ್ಲಿ ಚರ್ಚೆಯಾದದ್ದು ಮುಖ್ಯವಾಗಿ ಧ್ವನಿವರ್ಧಕ ಮತ್ತು ಪಟಾಕಿಗಳಾದರೂ, ತನ್ನ ಮನೆಯೊಳಗೆ ನೆಮ್ಮದಿಯಾಗಿರಬಯಸುವವರಿಗೆ ಸದ್ದು ತಮ್ಮನ್ನು ತಲುಪದಂತೆ ತಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಇದೆ ಎಂಬ ಅದರ ತರ್ಕ ಸೈಲೆನ್ಸರಿಗೂ ಒಪ್ಪುತ್ತದೆ. ಹಾಗೆಂದು ಪೊಲೀಸರು ಕಿವಿಯಿಂದಲೇ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಕಂಪನಿಯ ಸೈಲೆನ್ಸರೇ ಇದ್ದೂ ಗಾಡಿಯನ್ನು ತಡೆದರೆ, ಫಾರಂ 22ರ ಪ್ರತಿಯನ್ನು ತೋರಿಸಿ, ಚಲನ್‌ನಲ್ಲಿ ಯಾವ ಕಲಮು ಹಾಕಿದ್ದಾರೆಂದು ವಿನಯದಿಂದ ಕೇಳಿ. ಒಪ್ಪಿಗೆಯಾಗದಿದ್ದರೆ ಅಲ್ಲೇ ದಂಡ ಕಟ್ಟದೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ಈಗಾಗಲೇ ಬದಲಿಸಿದವರು ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕಿಲ್ಲದಿದ್ದರೆ ಕೆಲಸ ಸುಲಭ. ಬೆಂಡ್ ಪೈಪ್ ಸೇರುವಲ್ಲಿ ಗ್ಯಾಸ್ಕೆಟ್ ಮಾತ್ರ ಹೊಸದನ್ನೇ ಹಾಕಿಸಿ, ಇಲ್ಲದಿದ್ದರೆ ಸಂದಿನಿಂದ ಹೊಗೆ ಸೋರಿ ಪಟಪಟ ಸದ್ದು ಉಳಿದುಬಿಡುತ್ತದೆ. ಇಷ್ಟೆಲ್ಲ ಸರಿಯಿದ್ದರೂ, ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ದಿನ ನಾನು ಗಾಡಿಯನ್ನು ಗಲ್ಲಿಯ ತುದಿಯವರೆಗೆ ತಳ್ಳಿಕೊಂಡು ಹೋಗಿಯೇ ಸ್ಟಾರ್ಟ್ ಮಾಡುತ್ತೇನೆ. ಎದುರು ಮನೆಯಲ್ಲಿ ಬಾಣಂತಿ ಇದ್ದಾರೆ.